ವಾಲಿಯ ಕೊರಳಲ್ಲಿ ಬಂಗಾರದ ಸರ

ನಮ್ಮೂರು ಕೊಪ್ಪಳ ಜಿಲ್ಲೆಯ ಕಿನ್ನಾಳ. ಮರದ ಗೊಂಬೆಗೆ ಹುಣಸೆಬೀಜದ ಅಂಟು ಬಳಿದು, ಬಟ್ಟೆ ಸುತ್ತಿ, ಬಣ್ಣ ಹಚ್ಚಿ ಪಳಗಿದ ಕೈ ನನ್ನದು. ಕಾಗದದ ಮೇಲೆ ರಾಮಾಯಣದ ಚಿತ್ರ ಬರೆಯುವ ಹುಚ್ಚು ಹತ್ತಿದ್ದು ರಾಜಸ್ಥಾನದ ಮೇವಾಡದ ರಾಮಾಯಣ ಹಸ್ತಪ್ರತಿ ನೋಡಿದ ಮೇಲೆ. ರಾಣಾ ಜಗತ್‌ಸಿಂಗ್ ಬರೆಸಲು ಹಚ್ಚಿದ್ದು, 1649ರಿಂದ 1653ರವರೆಗೆ ನಡೆದ ಕೆಲಸ; ಸಾಹಿಬ್‌ದೀನ್, ಮನೋಹರ್ ಅದರ ಚಿತ್ರಕಾರರು. ಲಂಡನ್, ಮುಂಬಯಿ ಎಂದು ಚದುರಿಹೋದ ಹಾಳೆಗಳನ್ನು 2014ರಲ್ಲಿ ಅಂತರ್ಜಾಲದಲ್ಲಿ ಒಟ್ಟಿಗೆ ಇಟ್ಟರು. ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಒಂದೇ ಹಾಳೆಯಲ್ಲಿ ರಾಮ ಎರಡು ಮೂರು ಕಡೆ ಇರುತ್ತಾನೆ: ಇಲ್ಲಿ ಮಾತು, ಅಲ್ಲಿ ನಡಿಗೆ, ಮೂಲೆಯಲ್ಲಿ ಯುದ್ಧ. ನಡುವೆ ಒಂದು ಗುಡ್ಡವೋ ಮರವೋ ನಿಂತಿದ್ದರೆ ಸಾಕು, ಕಥೆ ಮುಂದೆ ಹೋಯಿತೆಂದು ಕಣ್ಣಿಗೆ ತಿಳಿಯುತ್ತದೆ.

ವಾನರರ ಕಿಷ್ಕಿಂಧೆ ಎಂದು ಹೇಳುವ ಆನೆಗೊಂದಿ ನಮ್ಮ ಜಿಲ್ಲೆಯದೇ ಅಲ್ಲವೇ, ಕಿಷ್ಕಿಂಧೆಯನ್ನೇ ಆರಿಸಿಕೊಂಡೆ. ವಾಲಿ ಸುಗ್ರೀವರ ಎರಡು ಜಗಳ, ಒಂದೇ ಹಾಳೆಯಲ್ಲಿ.

ಮೂರು ಕಾಗದ ಮೈದಾ ಅಂಟಿನಿಂದ ಕೂಡಿಸಿ, ಹುಳ ಬೀಳದಂತೆ ಅಂಟಿಗೆ ಚೂರು ಮೈಲುತುತ್ತು ಹಾಕಿ, ಒಣಗಿದ ಮೇಲೆ ನುಣುಪುಗಲ್ಲಿನಿಂದ ತಿಕ್ಕಿದೆ. ಮೊದಲ ಹಾಳೆ ಹಾಳಾಯಿತು. ಗೊಂಬೆಗೆ ಹಚ್ಚುವಷ್ಟು ದಪ್ಪ ಬಣ್ಣ ಹಚ್ಚಿದ್ದೆ, ವಾರದೊಳಗೆ ಬಿರಿದು ಉದುರಿತು. ಆಮೇಲೆ ಜಾಲಿ ಅಂಟು ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಮೂರು ನಾಲ್ಕು ಸಲ ಬಳಿದೆ. ಬಂಡೆಗಳಿಗೆ ಹಾಕಿದ್ದ ನೆರಳನ್ನೂ ಕೈಬಿಟ್ಟೆ. ನಿಜದ ಬಂಡೆಯಂತೆ ಉಬ್ಬಿಸಿದರೆ ವಾನರರು ಅದರ ಮುಂದೆ ಇರುವೆಗಳಾಗುತ್ತಿದ್ದರು. ಸಪಾಟು ಬಣ್ಣ, ಅಂಚಿಗೊಂದು ಕಪ್ಪು ಗೆರೆ, ಅಷ್ಟೇ.

ಕೆಲಸ ಮುಗಿಯಿತೆಂದು ಗೋಡೆಗೆ ಆನಿಸಿ ಇಟ್ಟಿದ್ದೆ. ಏಳನೇ ಇಯತ್ತೆ ಓದುವ ಮಗಳು ಬಂದು ನಿಂತಳು.

"ಅಪ್ಪಾ, ಮೊದಲನೇ ಜಗಳದಾಗ ಯಾರು ಯಾರಂತ ರಾಮಗ ಗೊತ್ತಾಗ್ಲಿಲ್ಲ ಅಂತಿಯಲ್ಲ, ಇಲ್ಲಿ ನೋಡು, ವಾಲಿ ಕೊಳ್ಳಾಗ ಬಂಗಾರದ ಸರ ಐತಿ!"

ಇಂದ್ರ ಕೊಟ್ಟ ಮಾಲೆ ಅದು. ಬಂಗಾರ ಕಂಡಲ್ಲಿ ಹಚ್ಚುವುದು ನಮ್ಮ ಕೈಚಾಳಿ, ಹಚ್ಚಿಬಿಟ್ಟಿದ್ದೆ. ಬ್ಲೇಡಿನಿಂದ ಕೆರೆದರೆ ಬಂಗಾರದ ಜೊತೆ ಕಾಗದದ ಮೇಲ್ಪದರವೂ ಎದ್ದು ಬಂತು.

ಮಾಲೆ ತೆಗೆಯುವ ಹಾಗಿಲ್ಲ, ತೋರಿಸುವ ಹಾಗೂ ಇಲ್ಲ. ಜಾತ್ರೆಯ ಕುಸ್ತಿ ನೆನಪಾಯಿತು. ಪಟ್ಟು ಬಿಗಿದಾಗ ಒಬ್ಬನ ತಲೆ ಇನ್ನೊಬ್ಬನ ಹೆಗಲ ಕೆಳಗೆ ಸಿಕ್ಕಿರುತ್ತದೆ, ಕೊರಳೇ ಕಾಣದು. ಹೊಸ ಹಾಳೆಯಲ್ಲಿ ಮೊದಲ ಜಗಳವನ್ನು ಹಾಗೇ ಬರೆದೆ: ಎರಡು ಬಾಲ, ನಾಲ್ಕು ಕಾಲು, ಯಾವುದು ಯಾರದೆಂದು ನನಗೇ ಗೊಂದಲ. ಬದಿಯಲ್ಲಿ ಬಿಲ್ಲು ಹಿಡಿದ ರಾಮ, ಬಾಣ ಬಿಡದೆ.

ಎರಡನೇ ಜಗಳದಲ್ಲಿ ವಾಲಿಗೆ ಬಂಗಾರ, ಸುಗ್ರೀವನಿಗೆ ಗುರುತಿಗೆಂದು ಲಕ್ಷ್ಮಣ ಹಾಕಿದ ಗಜಪುಷ್ಪಿ ಬಳ್ಳಿಯ ಮಾಲೆ. ಗಜಪುಷ್ಪಿ ಯಾವ ಹೂವೆಂದು ಊರ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಬಿಳಿ ಚುಕ್ಕಿ ಇಟ್ಟು ಬಿಟ್ಟೆ.