ಮಳೆ ನಿಂತ ಮೇಲೆ ಪೈಥಾನ್ 3.8 ಕೈಬಿಟ್ಟೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ ಲೆಕ್ಕದಲ್ಲೇ ಬರೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೆಳಿಗ್ಗೆ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಮಳೆ ಅಳೆದು ಪುಸ್ತಕದಲ್ಲಿ 1-35 ಅಂತ ಬರೆದರೆ ಒಂದು ಇಂಚು ಮೂವತ್ತೈದು ಸೆಂಟ್. ಇದನ್ನೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ. ಅದು ಯಾವುದೋ ವರ್ಷದ ಜನವರಿ ಅಂತ ತಿಳಿದುಕೊಳ್ಳುತ್ತದೆ.

ಈ ಒಂದು ತಲೆನೋವಿಗೇ ನಾನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣದೊಂದು ಲೈಬ್ರರಿ, ಅಂದರೆ ಬೇರೆಯವರೂ ಬಳಸಬಹುದಾದ ಕೋಡಿನ ಕಟ್ಟು, ಬರೆದದ್ದು. ಮಡಿಕೇರಿಯ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವನು ನಾನು. ರಾತ್ರಿ ಹೊತ್ತು ಇದು. ಓಪನ್ ಸೋರ್ಸ್ ಆಗಿ ಹಾಕಿದೆ. ಪರಿಚಯದ ಒಂಬತ್ತು ತೋಟಗಳಲ್ಲಿ ಬಳಸುತ್ತಾರೆ. ಹೊರಗಿನವರೂ ಕೆಲವರು ಬಳಸುತ್ತಾರೆ, ಅವರು ಯಾರು ಅಂತ ನನಗೆ ಗೊತ್ತಾಗುವುದು ಏನಾದರೂ ಕೆಟ್ಟಾಗ ಮಾತ್ರ.

ಹಳೆ ಪೈಥಾನ್ ಅನ್ನು ಯಾವಾಗ ಕೈಬಿಡಬೇಕು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಮೊದಲು ತುಂಬಾ ಸುಲಭದ ಉತ್ತರ ಇತ್ತು. ಪೈಥಾನ್‌ನವರು ಒಂದು ಆವೃತ್ತಿಗೆ ಸುಮಾರು ಐದು ವರ್ಷ ರಿಪೇರಿ ಕೊಡುತ್ತಾರೆ, ಅದು ಮುಗಿದರೆ ನಾನೂ ಮುಗಿಸಿದೆ. ಅಷ್ಟೇ. ಪೈಥಾನ್ 3.6ರ ಆಯಸ್ಸು 2021ರ ಡಿಸೆಂಬರ್‌ನಲ್ಲಿ ಮುಗಿಯಿತು. 2022ರ ಜುಲೈನಲ್ಲಿ ನಾನು ನನ್ನ ಲೈಬ್ರರಿಯ 1.4 ಆವೃತ್ತಿ ಬಿಡುಗಡೆ ಮಾಡಿದೆ. ಅದರಲ್ಲಿ ಖುಷಿಯಿಂದ ವಾಲ್ರಸ್ ಆಪರೇಟರ್ ಅನ್ನುವ ಹೊಸ ಗುರುತು (:=) ಬಳಸಿದ್ದೆ. ಅದು 3.8ರಲ್ಲಿ ಬಂದದ್ದು. 3.6ಕ್ಕೆ ಅದರ ಗಂಧವೇ ಇಲ್ಲ. ಓದುವಾಗಲೇ ಸಿಂಟ್ಯಾಕ್ಸ್ ಎರರ್ ಅಂತ ಕೂರುತ್ತದೆ.

ಮರುದಿನ ಬೆಳಿಗ್ಗೆ ಸಿದ್ದಾಪುರದ ಕಡೆಯ ತೋಟದ ರೈಟರ್ ಫೋನ್ ಮಾಡಿದರು. "ಸಾರ್, ಮಳೆ ಪುಸ್ತಕ ತೆರೀತಾನೇ ಇಲ್ಲ. ಕಪ್ಪು ಕಿಟಕಿ ಬಂದು ಮಾಯ ಆಗ್ತದೆ."

ತಪ್ಪು ಒಂದಲ್ಲ, ಎರಡು. ಎರಡೂ ನನ್ನವೇ. ಡೆಸ್ಕ್‌ಟಾಪಿನ ಐಕಾನ್ ಒತ್ತಿದಾಗ ಓಡುವ ಬ್ಯಾಚ್ ಫೈಲ್‌ನಲ್ಲಿ, ಮೊದಲು ಲೈಬ್ರರಿಯ ಹೊಸ ಆವೃತ್ತಿ ಇಳಿಸಿಕೋ ಅಂತ ನಾನೇ ಒಂದು ಸಾಲು ಹಾಕಿಟ್ಟಿದ್ದೆ. ಜಾಣತನ ಅಂತ ಅಂದುಕೊಂಡಿದ್ದೆ. ಎರಡನೆಯದು, ಈ ಲೈಬ್ರರಿಗೆ ಕನಿಷ್ಠ ಯಾವ ಪೈಥಾನ್ ಬೇಕು ಅಂತ ಹೇಳುವ 'ಪೈಥಾನ್ ರಿಕ್ವೈರ್ಸ್' ಸಾಲನ್ನು ಬರೆದೇ ಇರಲಿಲ್ಲ. ಆ ಸಾಲು ಇದ್ದಿದ್ದರೆ, ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ಅನ್ನುವ ಸಾಧನ ತಾನೇ ನೋಡಿ ಹಳೆಯದರಲ್ಲೇ ನಿಲ್ಲುತ್ತಿತ್ತು. 2016ರಲ್ಲಿ ಬಂದ ಪಿಪ್ 9ರಿಂದಲೇ ಈ ಬುದ್ಧಿ ಅದಕ್ಕಿದೆ.

ಸರಿ, ಈಗ ಆ ಸಾಲು ಹಾಕಿ 1.5 ಬಿಡುಗಡೆ ಮಾಡಿದರಾಯಿತು ಅಂತ ಕೂತೆ. ಇಲ್ಲೇ ನೋಡಿ ಸಿಕ್ಕಿಬೀಳುವುದು. 1.5ರಲ್ಲಿ 3.8 ಬೇಕು ಅಂತ ಬರೆದರೆ, 3.6 ಇರುವ ಮೆಷಿನ್‌ನ ಪಿಪ್ ಅದನ್ನು ಬಿಟ್ಟು ಹಿಂದಿನದಕ್ಕೆ ಹೋಗುತ್ತದೆ. ಹಿಂದಿನದು ಯಾವುದು? ಅದೇ ಕೆಟ್ಟ 1.4! ಅದರಲ್ಲಿ ಯಾವ ಷರತ್ತೂ ಇಲ್ಲವಲ್ಲ. ಒಮ್ಮೆ ಏರಿಸಿದ ಫೈಲಿನ ವಿವರವನ್ನು ಆಮೇಲೆ ತಿದ್ದುವ ಹಾಗೂ ಇಲ್ಲ. 1.4ಕ್ಕೆ ಯಾಂಕ್ ಗುರುತು ಹಾಕಬಹುದು, ಅಂದರೆ ಇದನ್ನು ತಾನಾಗಿ ಎತ್ತಿಕೊಳ್ಳಬೇಡ ಅಂತ ಪಿಪ್‌ಗೆ ಹೇಳುವುದು. ಹಾಕಿದೆ. ಆದರೆ ಆ ಗುರುತು ಅರ್ಥ ಆಗುವುದು ಪಿಪ್ 19.2ರಿಂದ ಈಚೆಗೆ. ತೋಟದ ಮೆಷಿನ್‌ನಲ್ಲಿ ಇದ್ದದ್ದು 18.1.

ಕೊನೆಗೆ ಹೊಳೆದದ್ದು ಇದು. ವಾಲ್ರಸ್ ತೆಗೆದು, 3.6ರಲ್ಲೂ ಓಡುವ ಹಾಗೆ 1.4.1 ಮಾಡಿ ಬಿಟ್ಟೆ. ಅದಾದ ಮೇಲೆ ಷರತ್ತಿನ ಸಾಲು ಇರುವ 1.5. ಈಗ ಹಳೆ ಮೆಷಿನ್ ಹಿಂದಕ್ಕೆ ಹೋದರೂ 1.4.1ಕ್ಕೆ ಬಂದು ನಿಲ್ಲುತ್ತದೆ, 1.4ರ ತನಕ ಹೋಗುವುದೇ ಇಲ್ಲ. ಮಾಡಿದ್ದು ಹತ್ತು ನಿಮಿಷದ ಕೆಲಸ. ಆದರೆ ಆವತ್ತು ಕರೆಂಟ್ ಹೋಗಿ ಮೊಬೈಲ್ ಟವರೂ ಕೈಕೊಟ್ಟು, ಏರಿಸಲು ಸಂಜೆ ಆಯಿತು. ತೋಟದ ಮೆಷಿನ್ ಅದನ್ನು ಇಳಿಸಿಕೊಳ್ಳಲು ಮತ್ತೆ ಮೂರು ದಿನ. ಜುಲೈ ಅಲ್ವಾ. ರೈಟರ್ ಪುಸ್ತಕದಲ್ಲಿ ಪೆನ್ನಿನಲ್ಲೇ ಬರೆದುಕೊಂಡು ಸುಮ್ಮನಿದ್ದರು. ಅವರಿಗೆ ಅದೇನು ಹೊಸದಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ಪೆನ್ ಡ್ರೈವ್ ಹಿಡಿದು ಒಂಬತ್ತೂ ತೋಟ ಸುತ್ತಿದೆ. ಬ್ಯಾಚ್ ಫೈಲ್‌ನಿಂದ ಆ ಜಾಣತನದ ಸಾಲು ಕಿತ್ತೆ. ಎಲ್ಲ ಕಡೆ ಪೈಥಾನ್ 3.8.10 ಹಾಕಿದೆ. ಯಾಕೆ ಅದೇ ಅಂದರೆ, ಆಗ ನಾಲ್ಕು ಕಡೆ ವಿಂಡೋಸ್ 7 ಇತ್ತು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8. ಅದರಲ್ಲೂ ಇನ್‌ಸ್ಟಾಲರ್ ಸಮೇತ ಸಿಗುವ ಕೊನೆಯದು 3.8.10, 2021ರ ಮೇ ತಿಂಗಳದ್ದು. ಆಮೇಲಿನ ರಿಪೇರಿಗಳೆಲ್ಲ ಸೋರ್ಸ್ ಕೋಡ್ ರೂಪದಲ್ಲಿ ಮಾತ್ರ ಬಂದವು. ಅವನ್ನು ತೋಟದ ಆಫೀಸಿನಲ್ಲಿ ಕೂತು ಯಾರು ಕಂಪೈಲ್ ಮಾಡುತ್ತಾರೆ?

ಹೀಗಾಗಿ 3.8ರ ಸರದಿ ಬಂದಾಗ ನನ್ನ ಸುಲಭದ ಉತ್ತರ ಕೆಲಸಕ್ಕೆ ಬರಲಿಲ್ಲ.

3.8ರ ಆಯಸ್ಸು 2024ರ ಅಕ್ಟೋಬರ್ 7ಕ್ಕೆ ಮುಗಿಯಿತು. ಅದೇ ದಿನ 3.13 ಬಂತು. ಆದರೆ ಎಲ್ಲರೂ ಆ ದಿನಕ್ಕೆ ಕಾಯುವುದಿಲ್ಲ. ಅಂಕಿಗಳ ಲೆಕ್ಕ ಮಾಡುವ ನಂಪೈ ಲೈಬ್ರರಿಯವರ ದಾರಿ ಬೇರೆ. ಆಗ ಅವರದು 42 ತಿಂಗಳ ನಿಯಮ. ಒಂದು ಪೈಥಾನ್ ಬಂದು ಮೂರೂವರೆ ವರ್ಷ ಆದರೆ ಮುಂದಿನ ಬಿಡುಗಡೆಯಲ್ಲಿ ಅದನ್ನು ಕೈಬಿಡುತ್ತಿದ್ದರು. 3.8 ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಹಾಗಾಗಿ 2023ರ ನಂಪೈ 1.25ರಲ್ಲೇ ಅದು ಹೋಯಿತು. ಪಟ್ಟಿಗಳ ಲೆಕ್ಕ ಮಾಡುವ ಪಾಂಡಾಸ್ ಲೈಬ್ರರಿ ಕೂಡ ತನ್ನ 2.1ರಲ್ಲಿ ಅದನ್ನು ಕೈಬಿಟ್ಟಿತು. ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ಇನ್ನೊಂದು ತರಹ. ಅವರ 5.0ಕ್ಕೆ 3.10 ಬೇಕು, ಆದರೆ ದೀರ್ಘ ಕಾಲ ನೋಡಿಕೊಳ್ಳುವ 4.2 ಆವೃತ್ತಿಯಲ್ಲಿ 3.8 ಉಳಿಸಿಕೊಂಡರು. ಜ್ಯಾಂಗೋದವರ ದಾರಿ ನನಗೆ ಹಿಡಿಸಿತು. ಹಳೆಯದನ್ನು ಕೈಬಿಟ್ಟರು, ಆದರೆ ಹಿಂದೆ ಉಳಿದವರಿಗೆ ನಿಲ್ಲಲು ಒಂದು ಜಗಲಿ ಕಟ್ಟಿಕೊಟ್ಟರು.

ನನಗೆ ನಿಜವಾದ ಕಿರಿಕಿರಿ ಬಂದದ್ದು ಪಾಂಡಾಸ್‌ನಿಂದ. ದಿನದ ಮಳೆಯನ್ನು ತಿಂಗಳ ಲೆಕ್ಕಕ್ಕೆ ಕೂಡಿಸಲು ನಾನು 'ಎಂ' ಅನ್ನುವ ಒಂದಕ್ಷರದ ಗುರುತು ಕೊಡುತ್ತಿದ್ದೆ. ಪಾಂಡಾಸ್ 2.2ರಲ್ಲಿ, ಇನ್ನು 'ಎಂಇ' ಅಂತ ಬರೆಯಿರಿ, 'ಎಂ' ಮುಂದೆ ಹೋಗುತ್ತದೆ ಅಂತ ಎಚ್ಚರಿಕೆ ಶುರುವಾಯಿತು. ಸರಿ ಅಂತ 'ಎಂಇ' ಬರೆದರೆ, 3.8ಕ್ಕೆ ಸಿಗುವ ಕೊನೆಯ ಪಾಂಡಾಸ್ 2.0ಕ್ಕೆ ಅದು ಏನು ಅಂತಲೇ ಗೊತ್ತಿಲ್ಲ. ಎರರ್ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಪಾಂಡಾಸ್ ಯಾವುದು ಅಂತ ನೋಡಿ ಒಂದು ಕಡೆ 'ಎಂ', ಇನ್ನೊಂದು ಕಡೆ 'ಎಂಇ'. ವರ್ಷಕ್ಕೆ, ಮೂರು ತಿಂಗಳಿಗೆ ಕೂಡಿಸುವ ಕಡೆಯೂ ಎರಡೆರಡು ಸಲ ಪರೀಕ್ಷೆ.

ಆಗ ಒಂದು ಕೆಲಸ ಮಾಡಿದೆ. 3.8ಗೋಸ್ಕರ ಮಾತ್ರ ಇರುವ ಕೋಡ್ ಎಷ್ಟು ಅಂತ ಕೂತು ಹುಡುಕಿದೆ. ಏಳು ಜಾಗ ಸಿಕ್ಕಿತು. ಅದರಲ್ಲಿ ಒಂದು, ಜನ ಟೈಪ್ ಮಾಡುವ '35 ಸೆಂಟ್' ಅನ್ನುವುದರ ಬಾಲ ಕತ್ತರಿಸುವ ನಾಲ್ಕು ಸಾಲು. 3.9ರಲ್ಲಿ ಇದಕ್ಕೆ 'ರಿಮೂವ್ ಸಫಿಕ್ಸ್' ಅಂತ ತಯಾರಾಗಿ ಸಿಗುತ್ತದೆ. ನಾಲ್ಕು ಸಾಲು ಉಳಿಯಿತು ಅಂತ ಯಾರನ್ನೂ ಹೊರಗೆ ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಹೊಸ ಸಿಂಟ್ಯಾಕ್ಸ್ ಚೆಂದ ಇದೆ ಅನ್ನುವುದು ಕಾರಣವೇ ಅಲ್ಲ, ವಾಲ್ರಸ್ ಕಲಿಸಿದ ಪಾಠ ಅದು. ಪಾಂಡಾಸ್‌ನದು ಹಾಗಲ್ಲ. ಅದು ದಿನ ಹೋದ ಹಾಗೆ ಜಾಸ್ತಿ ಆಗುವ ಸಾಲ.

ಡೌನ್‌ಲೋಡ್ ಲೆಕ್ಕವನ್ನೂ ನೋಡಿದೆ. ಯಾವ ಪೈಥಾನ್‌ನಿಂದ ಎಷ್ಟು ಸಲ ಇಳಿಸಿದ್ದಾರೆ ಅಂತ ತೋರಿಸುವ ಪಟ್ಟಿ ಸಿಗುತ್ತದೆ. 3.8ರದ್ದು ತೀರಾ ಕಮ್ಮಿ. ಬಿಟ್ಟರೆ ಯಾರಿಗೂ ಗೊತ್ತೇ ಆಗಲ್ಲ ಅನ್ನಿಸುವಷ್ಟು. ಆದರೆ ಆ ಪಟ್ಟಿಯಲ್ಲಿ ಜಾಸ್ತಿ ಇರುವುದು ಮನುಷ್ಯರಲ್ಲ. ಪ್ರತಿ ಸಲ ಕೋಡ್ ಬದಲಾದಾಗ ಪರೀಕ್ಷೆಗೆ ಅಂತ ಇಳಿಸಿಕೊಳ್ಳುವ ಯಂತ್ರಗಳು, ನಕಲು ತೆಗೆದಿಡುವ ಮಿರರ್‌ಗಳು. ತೋಟದ ಮೆಷಿನ್ ವರ್ಷಕ್ಕೆ ಒಂದು ಸಲ ಇಳಿಸಿದರೆ ಹೆಚ್ಚು. ಆ ಪಟ್ಟಿ ನಂಬಿದರೆ, ನಾನು ಯಾರಿಗೆ ಅಂತ ಇದನ್ನು ಬರೆದೆನೋ ಅವರೇ ಇಲ್ಲ ಅಂದ ಹಾಗೆ.

ಅದಕ್ಕೇ ಫೋನ್ ಹಿಡಿದೆ. ಒಂಬತ್ತರಲ್ಲಿ ಏಳು ಕಡೆ ಅಷ್ಟರಲ್ಲಿ ಕಂಪ್ಯೂಟರ್ ಬದಲಾಗಿ ವಿಂಡೋಸ್ 10 ಅಥವಾ 11 ಬಂದಿತ್ತು. ಎರಡು ಕಡೆ ಇನ್ನೂ ವಿಂಡೋಸ್ 7. ಅದರಲ್ಲಿ ಒಂದು ಅದೇ ಸಿದ್ದಾಪುರದ ಕಡೆಯದು. ಅಲ್ಲಿಗೆ ಹೋದೆ. ಮಾನಿಟರಿಗೆ ಹಳೆ ಟವೆಲ್ ಹೊದೆಸಿದ್ದರು, ತೇವಕ್ಕೆ ಅಂತ. ಪಕ್ಕದಲ್ಲಿ ಕಾಫಿ ತೂಕದ ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಆ ಪ್ರಿಂಟರಿನ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ಕೂರುವುದಿಲ್ಲವಂತೆ.

"ಓಡ್ತಾ ಇರೋದನ್ನ ಯಾಕೆ ಮುಟ್ತೀರಿ ಸಾರ್?" ಅಂದರು ರೈಟರ್.

"ನಿಮ್ಮದನ್ನ ಮುಟ್ಟಲ್ಲ ಅಣ್ಣ. ಹೊಸದು ನಿಮಗೆ ಬರಲ್ಲ, ಅಷ್ಟೇ."

"ಹೊಸದು ಯಾರು ಕೇಳಿದ್ರು?"

ಬೆಂಗಳೂರಿನಿಂದ ಕೋಡ್ ಕಳಿಸುವ ಗೆಳೆಯನೊಬ್ಬನ ವಾದ ಇದಕ್ಕೆ ಪೂರಾ ಉಲ್ಟಾ. ನೀನು ಹಳೆಯದನ್ನು ಸಾಕುತ್ತಾ ಕೂತರೆ ಅವರು ಯಾವತ್ತೂ ಬದಲಾಗಲ್ಲ, ಸೆಕ್ಯೂರಿಟಿ ರಿಪೇರಿ ಇಲ್ಲದ ಮೆಷಿನ್‌ಗೆ ನೀನೇ ಬೆಂಬಲ ಕೊಟ್ಟ ಹಾಗೆ ಅನ್ನುತ್ತಾನೆ. ಮಾತಿನಲ್ಲಿ ಸತ್ಯ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದೇ 2020ರ ಜನವರಿಯಲ್ಲಿ. ಆದರೆ ನನ್ನ ಮಳೆ ಲೈಬ್ರರಿ ಕೆಟ್ಟಿತು ಅಂತ ಯಾವ ಸಾಹುಕಾರರೂ ಕಂಪ್ಯೂಟರ್ ಬದಲಾಯಿಸುವುದಿಲ್ಲ. ಪ್ರಿಂಟರ್ ಸತ್ತ ದಿನ ಬದಲಾಯಿಸುತ್ತಾರೆ. ಅಲ್ಲಿಯ ತನಕ ರೈಟರ್ ಪೆನ್ನಿಗೆ ವಾಪಸ್ ಹೋಗುತ್ತಾರೆ, ಅಷ್ಟೇ. ಕೊನೆಗೆ ಮೆಷಿನ್‌ನಿಂದ ನೆಟ್ ವೈರ್ ಕಿತ್ತು, ಫೈಲ್‌ಗಳನ್ನು ಪೆನ್ ಡ್ರೈವ್‌ನಲ್ಲಿ ಸಾಗಿಸಲು ಒಪ್ಪಿಸಿ ಬಂದೆ.

ಉಳಿದದ್ದು ದಿನ ಯಾವುದು ಅನ್ನುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತೇ ಇಲ್ಲ, ಏನಾದರೂ ಕೆಟ್ಟರೆ ಹೋಗಿ ನೋಡಲೂ ಆಗುವುದಿಲ್ಲ. ಡಿಸೆಂಬರ್ ಬಂದ ಮೇಲೆ ಕಾಫಿ ಕುಯ್ಲು, ರೈಟರ್‌ಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ವರ್ಷದಲ್ಲಿ ಒಂದೊಂದು ಸೆಂಟೂ ಲೆಕ್ಕಕ್ಕೆ ಬರುವ ಮಳೆ ಅದು, ಆಗ ತಪ್ಪಾದರೆ ನನ್ನನ್ನು ಯಾರೂ ಕ್ಷಮಿಸುವುದಿಲ್ಲ. ಉಳಿಯುವುದು ಅಕ್ಟೋಬರ್, ನವೆಂಬರ್ ಮಾತ್ರ. ಪೈಥಾನ್‌ನವರ ತಾರೀಕೂ ಅಲ್ಲಿಗೇ ಬಂದದ್ದು ನನ್ನ ಪುಣ್ಯ. ಮಾರ್ಚ್‌ನಲ್ಲಿ ಬಂದಿದ್ದರೆ ನಾನು ಕಾಯುತ್ತಿದ್ದೆ.

2024ರ ಅಕ್ಟೋಬರ್ ಮೊದಲ ವಾರ ನನ್ನ ಲೈಬ್ರರಿಯ 1.9 ಬಿಡುಗಡೆ ಮಾಡಿದೆ. ಅದರಲ್ಲಿ ಹೊಸತು ಏನೂ ಇಲ್ಲ. ಬಾಕಿ ಇದ್ದ ತಪ್ಪುಗಳನ್ನೆಲ್ಲ ಸರಿ ಮಾಡಿ, 3.8ಕ್ಕೆ ಇದೇ ಕೊನೆ ಅಂತ ಬರೆದೆ. ಎಚ್ಚರಿಕೆ ಸಂದೇಶವನ್ನು ಪರದೆಯ ಮೇಲೆ ಹಾಕಲಿಲ್ಲ. ಮೊದಲು ಹಾಕಿ ನೋಡಿದ್ದೆ. ಹಳದಿ ಅಕ್ಷರ ಕಂಡ ಕೂಡಲೇ ವೈರಸ್ ಬಂತು ಅಂತ ಫೋನ್ ಬರುತ್ತದೆ.

ನವೆಂಬರ್‌ನಲ್ಲಿ 2.0. ಅದಕ್ಕೆ ಕನಿಷ್ಠ 3.10 ಬೇಕು ಅಂತ ಇಟ್ಟೆ, 3.9 ಅಲ್ಲ. 3.9 ಕೂಡ ಮುಂದಿನ ಅಕ್ಟೋಬರ್‌ಗೆ ಮುಗಿಯುವುದಿತ್ತು. ವರ್ಷಕ್ಕೊಂದು ಸಲ ಜನರನ್ನು ಎಬ್ಬಿಸುವ ಬದಲು ಒಂದೇ ಸಲ ಎಬ್ಬಿಸೋಣ ಅಂತ. ಹೊರಗಿನ ಒಬ್ಬರು ಡೆಬಿಯನ್ 11 ಅನ್ನುವ ಲಿನಕ್ಸ್ ಬಳಸುವವರು ಬೇಜಾರು ಮಾಡಿಕೊಂಡರು, ಅದರಲ್ಲಿ ಇರುವುದೇ 3.9. ಅವರಿಗೆ 1.9 ಸಾಕಾಯಿತು. ಬಿಡುಗಡೆಗೆ ಮೊದಲು ಹಳೆ ಲ್ಯಾಪ್‌ಟಾಪ್‌ನಲ್ಲಿ 3.8 ಹಾಕಿ, ಪಿಪ್ ಯಾವುದನ್ನು ಎತ್ತಿಕೊಳ್ಳುತ್ತದೆ ಅಂತ ಕಣ್ಣಾರೆ ನೋಡಿದೆ. 2.0 ಬಿಟ್ಟು 1.9 ತೆಗೆದುಕೊಂಡಿತು. ಅದನ್ನು ನೋಡಿದ ಮೇಲೆ ಮಲಗಿದೆ.

1.9ರ ಕೊಂಬೆಯನ್ನು, ಅಂದರೆ ಆ ಕೋಡಿನ ಬೇರೆಯದೇ ಪ್ರತಿಯನ್ನು, ಇನ್ನೂ ಇಟ್ಟಿದ್ದೇನೆ. ಲೆಕ್ಕ ತಪ್ಪಾದರೆ ಮಾತ್ರ ಅಲ್ಲಿ ಕೈ ಹಾಕುವುದು, ಬೇರೆ ಏನಕ್ಕೂ ಇಲ್ಲ. ಈ ತನಕ ಒಂದೇ ಸಲ ಹಾಗೆ ಆಯಿತು. 2025ರ ಹೂಮಳೆ ಹೊತ್ತಿಗೆ ಯಾರೋ 0-5 ಅಂತ ಬರೆದದ್ದನ್ನು ಐವತ್ತು ಸೆಂಟ್ ಅಂತ ಓದಿತ್ತು, ಐದು ಸೆಂಟ್ ಅನ್ನಬೇಕಿತ್ತು. ಸರಿ ಮಾಡಿ 1.9.1 ಬಿಟ್ಟೆ, ಸಿದ್ದಾಪುರಕ್ಕೆ ಪೆನ್ ಡ್ರೈವ್‌ನಲ್ಲಿ ತೆಗೆದುಕೊಂಡು ಹೋದೆ. ರೈಟರ್ ಟವೆಲ್ ಸರಿಸಿ ಕಂಪ್ಯೂಟರ್ ಹಾಕಿದರು. ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿದಿತ್ತು. ಪ್ರಿಂಟರ್ ಹೇಗಿದೆ ಅಂತ ಕೇಳಿದೆ. ಗಟ್ಟಿಮುಟ್ಟಾಗಿದೆ ಅಂದರು.