ರಬ್ಬರ್ ಬ್ಯಾಂಡ್ ಹಿಡಿದು ತುಮಕೂರಿನ ಗಾಳಿ ನೋಡಿದ್ದು

ನಾನು ತುಮಕೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಗಾಳಿ ಅಳೆಯುವ ಯಂತ್ರ ಕೊಳ್ಳುವಷ್ಟು ದುಡ್ಡು ಶಾಲೆಯಲ್ಲಿಲ್ಲ. ರಬ್ಬರ್ ಬ್ಯಾಂಡಿಗೆ ಬರವಿಲ್ಲ ಅಲ್ವಾ, ಅದರಲ್ಲೇ ಶುರು ಮಾಡಿದೆವು. ಉಪಾಯ ನನ್ನದಲ್ಲ, ಏರಿ ಹಾಗನ್-ಸ್ಮಿಟ್ ಅವರದು.

ಇವರು 1900ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹುಟ್ಟಿದವರು. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಅನಾನಸ್ ಹಣ್ಣಿನ ಘಮ ಯಾವುದರಿಂದ ಬರುತ್ತದೆ ಅಂತ ಹುಡುಕುತ್ತಿದ್ದರು. 1940ರ ದಶಕದಲ್ಲಿ ಲಾಸ್ ಏಂಜಲೀಸ್ ಮೇಲೆ ಕಣ್ಣುರಿಸುವ ಹೊಗೆಮಂಜು ಕವಿಯಿತು. ಲಂಡನ್ನಿನ ಹಾಗೆ ಇದೂ ಗಂಧಕದ ಹೊಗೆ ಇರಬೇಕು ಅಂದುಕೊಂಡವರೇ ಜಾಸ್ತಿ. ಇವರು ಹಣ್ಣಿನ ಘಮ ಹಿಡಿದ ಹಾಗೆಯೇ ಊರ ಗಾಳಿಯನ್ನೂ ತಣ್ಣಗಾಗಿಸಿ ಹಿಡಿದರು. ಸಿಕ್ಕಿದ್ದು ಗಬ್ಬು ನಾರುವ, ಕಂದು ಬಣ್ಣದ ಒಂದಿಷ್ಟು ಹನಿ. ಪೆಟ್ರೋಲಿನ ಆವಿ ಮತ್ತು ಗಾಡಿ ಹೊಗೆಯ ನೈಟ್ರೋಜನ್ ಆಕ್ಸೈಡಿಗೆ ಬಿಸಿಲು ಬಿದ್ದರೆ ಓಝೋನ್ ಅನ್ನುವ ಅನಿಲ ಹುಟ್ಟುತ್ತದೆ ಅಂತ ಆಮೇಲೆ ತೋರಿಸಿದರು. ಈ ಓಝೋನ್ ರಬ್ಬರನ್ನು ಸೀಳುತ್ತದೆ. ಹೊಗೆಮಂಜು ದಟ್ಟವಾದಾಗ ಬಾಗಿಸಿಟ್ಟ ರಬ್ಬರ್ ಪಟ್ಟಿ ಕೆಲವೇ ನಿಮಿಷದಲ್ಲಿ ಬಿರುಕು ಬಿಡುತ್ತಿತ್ತು. ತೈಲ ಉದ್ಯಮದ ದುಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರು ಒಪ್ಪಲಿಲ್ಲ. ಇವರೂ ಬಿಡಲಿಲ್ಲ.

ನಾವು ಮಾಡಿದ್ದು ಇಷ್ಟು. ಪರೀಕ್ಷೆ ಬರೆಯುವ ಹಳೇ ಪ್ಯಾಡಿಗೆ ಮೊಳೆ ಹೊಡೆದು ಅಗಲದ ಬ್ಯಾಂಡೊಂದನ್ನು ಬಿಗಿಯಾಗಿ ಎಳೆದು ಹಾಕಿದೆವು. ಪಕ್ಕದಲ್ಲಿ ಇನ್ನೊಂದನ್ನು ಸಡಿಲವಾಗಿ ನೇತುಹಾಕಿದೆವು. ಓಝೋನ್ ಸೀಳುವುದು ಎಳೆದ ರಬ್ಬರನ್ನು. ಹೋಲಿಸಿ ನೋಡಲು ಮತ್ತೊಂದನ್ನು ಕಡ್ಡಿಗೆ ಬಿಗಿದು ಗಾಜಿನ ಬಾಟ್ಲಿಯಲ್ಲಿ ಮುಚ್ಚಿಟ್ಟೆವು.

"ಬಿಸಿಲಿಗೆ ಟ್ಯೂಬೇ ಒಡೆಯುತ್ತೆ, ಇದ್ಯಾವ ಲೆಕ್ಕ ಮೇಷ್ಟ್ರೇ?" ಅಂದರು ಪಂಕ್ಚರ್ ಅಂಗಡಿಯವರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಎಲ್ಲವನ್ನೂ ಬಿಸಿಲು, ಮಳೆ ತಾಗದ ಹಾಗೆ ಸೂರಿನ ಕೆಳಗೆ ಇಟ್ಟಿದ್ದು. ಓಝೋನಿನ ಬಿರುಕಿಗೆ ಗುರುತೂ ಇದೆ: ಬ್ಯಾಂಡ್ ಎಳೆದ ದಿಕ್ಕಿಗೆ ಅಡ್ಡಡ್ಡ, ಬ್ಲೇಡಿನಲ್ಲಿ ಗೀರಿದಷ್ಟು ಸಣ್ಣಗೆ. ಬೆರಳ ಮೇಲೆ ಬಾಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಗೀರು ಬಾಯಿ ಬಿಡುತ್ತದೆ.

ಇಂಥ ಒಂದು ಪ್ಯಾಡ್ ಗಾಡಿಗಳು ಗಿಜಿಗುಡುವ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ, ಇನ್ನೊಂದು ಊರಾಚೆ ಊರ್ಡಿಗೆರೆ ಕಡೆ ಒಬ್ಬ ಹುಡುಗನ ಮನೆಯಲ್ಲಿ. ಬಿ.ಎಚ್. ರಸ್ತೆಯದೇ ಮೊದಲು ಹರಿಯುತ್ತೆ ಅಂತ ಮಕ್ಕಳ ಬಾಜಿ. ಅಲ್ಲಿನದು ಮಸಿ ಹಿಡಿದು ಕಪ್ಪಾಗಿತ್ತು, ಮುಟ್ಟಿದರೆ ಬೆರಳೂ ಕಪ್ಪು. ಬಿರುಕು ಮಾತ್ರ ಕಡಿಮೆ. ಊರ್ಡಿಗೆರೆಯ ಬ್ಯಾಂಡಿನಲ್ಲಿ ಮಸಿ ಇಲ್ಲ, ಮೈತುಂಬ ಗೀರು.

ಇದರಲ್ಲಿ ಮಾಯವೇನಿಲ್ಲ. ಗಾಡಿಯ ಹೊಗೆ ಕೊಳವೆಯಿಂದ ಬಿಸಿಬಿಸಿ ಬರುವ ನೈಟ್ರಿಕ್ ಆಕ್ಸೈಡ್ ರಸ್ತೆ ಪಕ್ಕದ ಓಝೋನನ್ನು ತಿಂದುಹಾಕುತ್ತದೆ. ಹೊಗೆ ದೂರ ಸಾಗುತ್ತಾ, ಬಿಸಿಲಿನಲ್ಲಿ ಬೇಯುತ್ತಾ ಊರಾಚೆ ಮತ್ತೆ ಓಝೋನ್ ಆಗುತ್ತದೆ. ಹಾಗಂತ ಬಿ.ಎಚ್. ರಸ್ತೆಯ ಗಾಳಿ ಒಳ್ಳೆಯದು ಅಂತಲ್ಲ. ಆ ಮಸಿ ಶ್ವಾಸಕೋಶಕ್ಕೇ ಇಳಿಯುವಂಥದ್ದು.

ನಮ್ಮ ದೇಶದಲ್ಲಿ ಓಝೋನಿಗೆ 8 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಅದು ಮೀರಿತೋ ಇಲ್ಲವೋ ಬ್ಯಾಂಡ್ ಹೇಳುವುದಿಲ್ಲ, ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಅಂತಷ್ಟೇ ಹೇಳುತ್ತದೆ. ನೀವೂ ಮಾಡುವುದಾದರೆ ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿ, ಮಳೆಗಾಲದಲ್ಲಿ ಸುಮ್ನೆ ಕಾಯಬೇಕಾಗುತ್ತದೆ. ಎಲ್ಲಾ ಕಡೆಗೂ ಒಂದೇ ಪ್ಯಾಕೆಟ್ಟಿನ ಬ್ಯಾಂಡ್ ಹಾಕಿ. ಪ್ಯಾಕೆಟ್ ಬದಲಾದರೆ ರಬ್ಬರ್ ಗುಣವೂ ಬದಲಾಗಬಹುದು.