ಅವ್ವ-ಅಪ್ಪನ ಜೊತೆ ಮಲ್ಲಯ್ಯನ ಹಾದಿ ಹಿಡಿಯುವ ಮುನ್ನ

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಊರುಗಳಿಂದ ಶ್ರೀಶೈಲಕ್ಕೆ ಕಂಬಿ ಹೊತ್ತ ಪಾದಯಾತ್ರಿಗಳ ತಂಡಗಳು ಹೊರಡುತ್ತವೆ. ಯುಗಾದಿಯ ಹೊತ್ತಿಗೆ ಅಲ್ಲಿ ಮುಟ್ಟಬೇಕು. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ನಾಡಿನ ಮಗಳು, ಮಲ್ಲಯ್ಯ ಅಂದರೆ ಮಲ್ಲಿಕಾರ್ಜುನ ಅಳಿಯ ಎಂಬುದು ನಮ್ಮ ಜನರ ನಂಬಿಕೆ. ಮಗಳಿಗೆ ಹಬ್ಬದ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಒಯ್ಯುವ ತವರಿನವರಂತೆ ನಡೆಯುತ್ತಾರೆ. ಈ ಹಾದಿಯನ್ನು ನಾನು ಅತ್ತೆ-ಮಾವನ ಜೊತೆಗೂ ಆಮೇಲೆ ನನ್ನ ಅವ್ವನ ಜೊತೆಗೂ ತುಳಿದಿದ್ದೇನೆ. ಈಗ ನನಗೇ 68. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೊರಡುವ ಮಕ್ಕಳು ಪ್ರತಿ ವರ್ಷ ಬಂದು, ಏನೇನು ಕಟ್ಟಿಕೊಳ್ಳಬೇಕು ಎಂದು ಕೇಳುತ್ತಾರೆ. ಗಂಟು ಕಟ್ಟುವುದು ಕೊನೆಯ ಕೆಲಸ. ಅವರು ಹೊತ್ತ ಹರಕೆ ಏನು ಎಂದು ಮೊದಲು ಕೇಳಿ.

ನನ್ನ ಮಾವ ಆಗಲೇ ಎಪ್ಪತ್ತು ದಾಟಿದ್ದರು. ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಆದರೂ ಮನೆಯ ಹೊಸ್ತಿಲಿನಿಂದ ನಡೆದೇ ಹೋಗುತ್ತೇನೆ ಎಂದು ಹಟ ಹಿಡಿದರು. ಬೇಡ ಎಂದಷ್ಟೂ ಬಿಗಿಯುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಕೂತು, “ಮಾವನವರೇ, ಹರಕೆ ಹೊರುವಾಗ ಮಲ್ಲಯ್ಯನಿಗೆ ಏನು ಹೇಳಿದಿರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಿಖರ ಕಂಡ ಮೇಲೆ ಗಾಡಿಯಲ್ಲಿ ಕೂರುವುದಿಲ್ಲ ಎಂದಿದ್ದೆನವ್ವಾ” ಎಂದರು. ದಾರಿ ಅಲ್ಲೇ ಸಿಕ್ಕಿತು. ಬಯಲು ಸೀಮೆಯಲ್ಲಿ ದಿನಕ್ಕೆ ಬೆಳಗಿನ ಎರಡು ತಾಸು ಮಾತ್ರ ನಡೆದರು, ಉಳಿದದ್ದು ತಂಡದ ಸಾಮಾನಿನ ಗಾಡಿಯಲ್ಲಿ. ಆಂಧ್ರದ ಆತ್ಮಕೂರಿನಿಂದ ಕಾಡಿನ ಕಾಲುದಾರಿ ಹಿಡಿಯದೆ ದೋರ್ನಾಳ ಘಾಟಿನ ಬಸ್ಸು ಹತ್ತಿದೆವು. ಶಿಖರೇಶ್ವರದ ಗುಡ್ಡದಲ್ಲಿ ಇಳಿದು ದೂರದ ಮಲ್ಲಯ್ಯನ ಗುಡಿಯ ಶಿಖರಕ್ಕೆ ಕೈಮುಗಿದರು. ಅಲ್ಲಿಂದ ಎಂಟು ಕಿಲೋಮೀಟರ್ ಆಸುಪಾಸು. ಯಾತ್ರೆಗೆ ಬಂದದ್ದಕ್ಕೆ ಸಾಕ್ಷಿಯಾಗುವನೆಂದು ಜನ ನಂಬುವ ಸಾಕ್ಷಿ ಗಣಪತಿಯ ಮುಂದೆ ತಮ್ಮ ಹೆಸರು ಹೇಳಿ, ಸಂಜೆಯ ತಂಪಿನಲ್ಲಿ ತಮ್ಮ ಕಾಲ ಮೇಲೆ ತಾವೇ ಶ್ರೀಶೈಲ ಸೇರಿದರು. ಹರಕೆಯಲ್ಲಿ ಒಂದಕ್ಷರವೂ ಬಾಕಿ ಉಳಿಯಲಿಲ್ಲ.

ನನ್ನ ಅವ್ವನ ಆಸೆ ಬೇರೆ ಇತ್ತು. ಅವಳಿಗೆ ಕಾಡಿನ ಹಾದಿಯ ಭೀಮನ ಕೊಳ್ಳವನ್ನೇ ಇಳಿದು ಹತ್ತಬೇಕಿತ್ತು. ಹಾಗಾಗಿ ಆತ್ಮಕೂರಿನವರೆಗೆ ಒಂದು ಹೆಜ್ಜೆಯನ್ನೂ ನಡೆಸದೆ ಕರೆತಂದು, ಕಾಲಿನ ಶಕ್ತಿಯನ್ನೆಲ್ಲ ಕಾಡಿಗಾಗಿ ಉಳಿಸಿಕೊಂಡೆವು. ಎಪ್ಪತ್ತರ ಹತ್ತಿರದ ದೇಹಕ್ಕೆ ಬಯಲಿನ ಬಿಸಿಲು, ಕಾಡಿನ ಕಲ್ಲುದಾರಿ ಎರಡನ್ನೂ ಹೊರಿಸಬೇಡಿ. ಯಾವುದಾದರೂ ಒಂದು ಸಾಕು.

ಯುಗಾದಿ ಯಾವಾಗ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. 2024ರಲ್ಲಿ ಏಪ್ರಿಲ್ 9ಕ್ಕೆ ಬಂದ ಹಬ್ಬ 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಿದ್ದಿತು. ರಾಯಚೂರು, ಕರ್ನೂಲು ಸೀಮೆಯ ಬಿಸಿಲಿನಲ್ಲಿ ಈ ಮೂರು ವಾರ ಎಂದರೆ ಬಹಳ ಅಂತರ. ಹಬ್ಬ ತಡವಾಗಿ ಬಂದ ವರ್ಷ ಹಿರಿಯರ ನಡಿಗೆಯನ್ನು ಇನ್ನಷ್ಟು ಮೊಟಕುಗೊಳಿಸಿ. ಯಾವ ವರ್ಷವಾದರೂ ನಸುಕಿನ ನಾಲ್ಕಕ್ಕೆ ಹೊರಟು ಒಂಬತ್ತರೊಳಗೆ ನೆರಳು ಸೇರಿರಬೇಕು.

ಅಭ್ಯಾಸವನ್ನು ಸಂಕ್ರಾಂತಿಯಿಂದಲೇ ಶುರು ಮಾಡಿ. ಮೊದಲ ವಾರ ಊರ ಹೊರಗಿನ ಗುಡಿಯವರೆಗೆ ಹೋಗಿ ಬಂದರೆ ಸಾಕು. ವಾರಕ್ಕೆ ಅರ್ಧ ಅರ್ಧ ಕಿಲೋಮೀಟರ್ ಏರಿಸುತ್ತಾ ಹೋಗಿ, ಒಂದು ದಿನ ಬಿಡುವು ಕೊಡಿ. ಒಂದೇ ದಿನ ಎಷ್ಟು ದೂರ ನಡೆದರು ಎಂಬುದು ದೊಡ್ಡದಲ್ಲ, ಮರುದಿನ ಎದ್ದು ಮತ್ತೆ ನಡೆಯಬಲ್ಲರೇ ಎಂಬುದನ್ನು ನೋಡಿ. ಶಿವರಾತ್ರಿಯ ಹೊತ್ತಿಗೆ ಸತತ ಮೂರು ದಿನ ನೋವಿಲ್ಲದೆ ಎಷ್ಟು ನಡೆಯುತ್ತಾರೋ, ಯಾತ್ರೆಯಲ್ಲೂ ದಿನಕ್ಕೆ ಅಷ್ಟೇ. ಮೆಟ್ಟಿಲು ಹತ್ತಿ ಇಳಿಯುವ ರೂಢಿಯೂ ಆಗಲಿ. ಕೋಲು ಹಿಡಿಯಲು ನಾಚುವವರಿಗೆ ಈಗಲೇ ಕೈಗೆ ಕೊಡಿ. ಕಾಡಿನ ಇಳಿಜಾರಿನಲ್ಲಿ ಮೊಣಕಾಲಿನ ಭಾರವನ್ನು ಕೋಲೂ ಸ್ವಲ್ಪ ಹೊರುತ್ತದೆ.

ಇನ್ನು ಪಾದದ ಮಾತು. ನಮ್ಮ ಕಡೆಯ ಹೆಂಗಸರ ಹಿಮ್ಮಡಿ ಚಳಿಗಾಲದಲ್ಲಿ ಹೊಲದ ಬಿರುಕಿನಂತೆ ಒಡೆದಿರುತ್ತದೆ. ಆ ಒಡಕಿನಲ್ಲಿ ದೂಳು ಹೊಕ್ಕರೆ ಬೇಗ ಕೀವಾಗಬಹುದು. ಒಂದು ತಿಂಗಳು ಮೊದಲಿನಿಂದ ರಾತ್ರಿ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಸಿ ಮಲಗಿಸಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಕೆದಕಬೇಡಿ. ಬೂಟು ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ. ಹೊಸ ಬೂಟಿನಲ್ಲಿ ಯಾತ್ರೆ ಹೊರಡಿಸುವುದು ದೊಡ್ಡ ತಪ್ಪು. ಕನಿಷ್ಠ ಆರು ವಾರ ಊರಲ್ಲೇ ಸವೆಯಲಿ. ಬರಿಗಾಲಿನ ಹರಕೆ ಇದ್ದರೆ ನಸುಕಿನಲ್ಲಿ ಮಾತ್ರ ಬರಿಗಾಲು, ಡಾಂಬರು ಕಾಯುವ ಮುನ್ನ ಚಪ್ಪಲಿ ಎಂದು ಒಪ್ಪಿಸಿ. ಸಕ್ಕರೆ ಕಾಯಿಲೆಯವರಿಗೆ ಬರಿಗಾಲು ಬೇಡವೇ ಬೇಡ. ಪಾದಕ್ಕೆ ಅರಿವಿಲ್ಲದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಹಿರಿಯರು ನೋವನ್ನು ಮುಚ್ಚಿಡುತ್ತಾರೆ. ರಾಯಚೂರು ದಾಟಿದ ದಿನ ಮಾವ “ನನಗೇನೂ ಆಗಿಲ್ಲ” ಎನ್ನುತ್ತಲೇ ಇದ್ದರು. ಅವರ ಬಲಗಾಲಿನ ಹೆಜ್ಜೆ ಮಾತ್ರ ದೂಳಿನಲ್ಲಿ ಓರೆಯಾಗಿ ಬೀಳುತ್ತಿತ್ತು. ಕೂರಿಸಿ ಕಾಲುಚೀಲ ಬಿಚ್ಚಿದರೆ, ಹೆಬ್ಬೆರಳಿನ ಬುಡದಲ್ಲಿ ಎಂಟಾಣೆ ನಾಣ್ಯದಗಲದ ಬೊಬ್ಬೆ, ಬಟ್ಟೆಯೆಲ್ಲ ಒದ್ದೆ. ಅಂದಿನಿಂದ ಪ್ರತಿ ರಾತ್ರಿ ಬೆಳಕು ಹಿಡಿದು ಬೆರಳ ಸಂದಿ, ಅಂಗಾಲು, ಹಿಮ್ಮಡಿ ನಾನೇ ನೋಡುತ್ತಿದ್ದೆ. ಸೊಸೆ ಕಾಲು ಮುಟ್ಟುತ್ತಾಳೆಂದು ಮೊದಲು ಸಂಕೋಚಪಟ್ಟರು, ಮೂರನೆಯ ರಾತ್ರಿ ತಾವೇ ಚಾಚಿದರು. ಬೊಬ್ಬೆಯ ಚರ್ಮ ಕೀಳಬೇಡಿ. ತೊಳೆದು, ಒಣಗಿಸಿ, ಶುದ್ಧ ಬಟ್ಟೆ ಕಟ್ಟಿ, ಮರುದಿನ ಗಾಡಿಯಲ್ಲಿ ಕೂರಿಸಿ. ಸಕ್ಕರೆ ಕಾಯಿಲೆಯವರ ಬೊಬ್ಬೆಗೆ ಸೂಜಿ ತಾಗಿಸಲೇಬಾರದು, ವೈದ್ಯರೇ ನೋಡಲಿ.

ಹೊರಡುವ ತಿಂಗಳ ಮೊದಲೇ ಅವರ ವೈದ್ಯರ ಬಳಿ ಹೋಗಿ, ದಿನಕ್ಕೆ ಎಷ್ಟು ನಡೆಯುತ್ತಾರೆ, ಯಾವ ಹೊತ್ತಿಗೆ ಉಣ್ಣುತ್ತಾರೆ ಎಂದು ಬಿಡಿಸಿ ಹೇಳಿ. ಹೆಚ್ಚು ನಡೆದಾಗ ಸಕ್ಕರೆ ತಗ್ಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಬಿಸಿಲಿನಲ್ಲಿ ದೇಹವನ್ನು ಇನ್ನಷ್ಟು ಒಣಗಿಸುತ್ತದೆ. ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು, ನಾವು ತೀರ್ಮಾನಿಸಬಾರದು. ಇನ್ಸುಲಿನ್ ಇದ್ದರೆ ದೊಡ್ಡ ಮಣ್ಣಿನ ಕುಡಿಕೆಯೊಳಗೆ ಚಿಕ್ಕದನ್ನಿಟ್ಟು ನಡುವೆ ಒದ್ದೆ ಮರಳು ತುಂಬಿ, ಗಾಡಿಯ ನೆರಳಿನಲ್ಲಿಡಿ. ಕೈ ನಡುಗಿ, ಬೆವರಿ, ಮಾತು ತೊದಲಿದರೆ ತಕ್ಷಣ ತಿನ್ನಲು ಸಕ್ಕರೆ ಅವರ ಜೇಬಿನಲ್ಲೇ ಇರಲಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತು. ನಮ್ಮ ಅವ್ವಂದಿರು ದಾರಿಯಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಎಲ್ಲಿ ಕೂರಬೇಕು ಎಂಬ ಭಯ. ಮೊದಲ ದಿನ ನನ್ನ ಅತ್ತೆ ನಸುಕಿನಿಂದ ಹತ್ತು ಗಂಟೆಯವರೆಗೆ ಎರಡು ಗುಟುಕು ಕುಡಿದಿದ್ದರು. ಮಧ್ಯಾಹ್ನ ತಲೆ ಸುತ್ತಿ ಬೇವಿನ ಮರದ ಕೆಳಗೆ ಕುಸಿದು ಕೂತರು. ಕಾರಣ ಹೇಳಲು ಅವರಿಗೆ ಸಂಜೆಯಾಯಿತು. ಮಗನ ಬಳಿ ಅವರು ಹೇಳುವವರಲ್ಲ, ಆದ್ದರಿಂದ ತಂಡದಲ್ಲಿ ತಾಯಿಯ ಜೊತೆಗೆ ಮಗಳೋ ಸೊಸೆಯೋ ಇರಲೇಬೇಕು. ಒಂದು ಗಾಢ ಬಣ್ಣದ ಹಳೆಯ ಸೀರೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಇಬ್ಬರು ಹಿಡಿದು ನಿಂತರೆ ಎಲ್ಲಿ ಬೇಕಾದರೂ ಮರೆಯಾಗುತ್ತದೆ. ಪ್ರತಿ ಗಂಟೆಗೊಮ್ಮೆ ಅವರು ಕೇಳುವ ಮುನ್ನ ನೀವೇ “ಬನ್ನಿ, ನಾನೂ ಹೋಗಬೇಕು” ಎಂದು ಕರೆದೊಯ್ಯಿರಿ. ದಾಸೋಹ ನಡೆಯುವ ಶಾಲೆ, ಗುಡಿಗಳಲ್ಲಿ ಶೌಚಾಲಯ ಇದೆಯೇ ಎಂದು ಮುಂದೆ ಹೋದವರಿಂದ ಫೋನಿನಲ್ಲೇ ತಿಳಿದುಕೊಳ್ಳಿ. ಈ ಒಂದು ಏರ್ಪಾಡಾದ ಮೇಲೆ ಅತ್ತೆ ದಾರಿಯುದ್ದಕ್ಕೂ ತಾವೇ ಚೊಂಬು ಕೇಳಿ ಕುಡಿದರು.

ಭೇದಿಯಾದರೆ ಅಥವಾ ತುಂಬಾ ಬೆವರಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಬಿಪಿ, ಸಕ್ಕರೆ ಇರುವವರಿಗೆ ಇದನ್ನೂ ವೈದ್ಯರಲ್ಲಿ ಮೊದಲೇ ಕೇಳಿರಿ. ಮೈ ಕೆಂಡವಾಗಿ, ಮಾತು ಅಡ್ಡಾದಿಡ್ಡಿಯಾದರೆ ಅದು ಬಿಸಿಲ ಹೊಡೆತ. ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಆಂಧ್ರದಲ್ಲೂ ಅದೇ ಸಂಖ್ಯೆ.

ದಾಸೋಹದವರ ಪ್ರೀತಿ ದೊಡ್ಡದು. ರೊಟ್ಟಿ, ಪಲ್ಯ, ಮಜ್ಜಿಗೆ, ಪಾನಕ, ಮಿರ್ಚಿ ಭಜಿ, ಕಾಲಿಗೆ ಎಣ್ಣೆ ಎಲ್ಲವನ್ನೂ ಕೈಹಿಡಿದು ಕೊಡುತ್ತಾರೆ. ಕರಿದದ್ದು, ಸಿಹಿ ಬಂದಾಗ ಹಿರಿಯರು ಪ್ರಸಾದವೆಂದು ಚೂರು ಬಾಯಿಗಿಟ್ಟು ಉಳಿದದ್ದನ್ನು ಮಕ್ಕಳಿಗೆ ಕೊಡಲಿ. ನಿಮ್ಮ ಬುತ್ತಿಯಲ್ಲಿ ಕಡಕ್ ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇರಲಿ. ಹಲ್ಲಿಲ್ಲದವರಿಗೆ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಡಿ. ಹುರಿದ ಜೋಳದ ಹಿಟ್ಟು ಒಂದು ಡಬ್ಬಿ ಒಯ್ದರೆ ಎಲ್ಲಿ ಬೆಂಕಿ ಸಿಕ್ಕರೂ ಅಂಬಲಿ ಕಾಸಬಹುದು. ನಡೆಯುವ ಹೊಟ್ಟೆಗೆ ಅಂಬಲಿಗಿಂತ ಹಿತವಾದದ್ದು ನನಗೆ ತಿಳಿದಿಲ್ಲ.

ಬಟ್ಟೆ ಕಡಿಮೆ ಇರಲಿ. ಭಾರದ ಇಳಕಲ್ ಸೀರೆ ಭ್ರಮರಾಂಬೆಗೆ, ನಡೆಯುವ ಅವ್ವನಿಗೆ ತೊಳೆದು ಮೆತ್ತಗಾದ ಹತ್ತಿ ಸೀರೆ. ತೊಡೆಯ ಸಂದಿಗೆ ಕೊಬ್ಬರಿ ಎಣ್ಣೆ ಸವರಿದರೆ ಉಜ್ಜಿ ಹುಣ್ಣಾಗುವುದಿಲ್ಲ. ಕತ್ತಲಲ್ಲಿ ಹೆದ್ದಾರಿಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ನಡೆಯಿರಿ. ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿ. ಕೊರಳಲ್ಲಿ ಹೆಸರು, ಕಾಯಿಲೆ, ಮಾತ್ರೆ, ಮಗನ ಫೋನ್ ಸಂಖ್ಯೆ ಬರೆದ ಚೀಟಿ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ.

ಕಾಡಿನ ದಾರಿ ಹಿಡಿಯುವವರು ನೆನಪಿಡಿ, ಅದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಅಭಯಾರಣ್ಯ. ಅರಣ್ಯ ಇಲಾಖೆ ಬಿಟ್ಟ ದಿನಗಳಲ್ಲಿ ಮಾತ್ರ ಪ್ರವೇಶ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಮುಂದೆ ಸಾಗಿದರೆ ಪೆದ್ದಚೆರುವು, ಆಮೇಲೆ ಭೀಮನ ಕೊಳ್ಳ, ಕೈಲಾಸ ದ್ವಾರ. ಒಳಗೆ ಹೊಕ್ಕ ಮೇಲೆ ಬಸ್ಸು ಸಿಗುವುದಿಲ್ಲ, ಮೊಬೈಲೂ ಎಲ್ಲ ಕಡೆ ಹತ್ತುವುದಿಲ್ಲ. ಅವ್ವ ಕೊಳ್ಳ ಏರುವಾಗ ಹತ್ತು ಮೆಟ್ಟಿಲಿಗೊಮ್ಮೆ ಕೂತಳು. ಹಿಂದಿನವರು ದಾಟಿ ಹೋಗಲಿ ಎಂದು ಬದಿಗೆ ಸರಿದು, ಸೆರಗಿನಿಂದ ಬೆವರು ಒರೆಸಿಕೊಂಡು, “ಅವಸರವೇನು, ಮಗಳ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದಳು.

ಶ್ರೀಶೈಲ ಮುಟ್ಟಿದ ದಿನ ಪಾತಾಳಗಂಗೆಯ ಮೆಟ್ಟಿಲುಗಳನ್ನು ದಣಿದ ಮೊಣಕಾಲಿನಲ್ಲಿ ಇಳಿಸಬೇಡಿ, ರೋಪ್‌ವೇ ಇದೆ. ದರ್ಶನದ ಸಾಲಿಗೆ ನಿಲ್ಲುವ ಮುನ್ನ, ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬ ಜಾಗವನ್ನು ಅವರಿಗೆ ಕಣ್ಣಾರೆ ತೋರಿಸಿ. ಬರುವಾಗ ಬಸ್ಸಿನಲ್ಲಿ ಎರಡು ತಾಸಿಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಮನೆಗೆ ಬಂದ ಮೇಲೆ ಎರಡೂ ಕಾಲು ಸ್ವಲ್ಪ ಊದಿದ್ದರೆ ದಿಂಬಿನ ಮೇಲಿಟ್ಟು ಮಲಗಲಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.